ಒರತೆಯ ಮುಚ್ಚಳ

ಕಾಡಿನ ಒರತೆಗೆ ನರಿ ಮರದ ಮುಚ್ಚಳ ಹಾಕಿ, ಹಗ್ಗದಿಂದ ಬಿಗಿದು, ಪಕ್ಕದಲ್ಲೊಂದು ಕೈಪಂಪು ನೆಟ್ಟಿತು. ಇನ್ನು ಮೇಲೆ ಒಂದು ಗುಟುಕು ನೀರಿಗೆ ಒಂದು ಹಣ್ಣು.

ಇದನ್ನು ವಿರೋಧಿಸಿ ಪಂಡಿತ ಗಿಳಿಗಳು ಅಲ್ಲೇ ಆಲದ ಮರದಲ್ಲಿ ಮೂರು ದಿನದ ವಿಚಾರ ಸಂಕಿರಣ ಇಟ್ಟುಕೊಂಡವು. ವಿಷಯ: ಯಂತ್ರ ಯಾರದು, ನೀರು ಯಾರದು? ಪ್ರಬಂಧದ ಮೇಲೆ ಪ್ರಬಂಧ ಮಂಡನೆಯಾಯಿತು. ಗಂಟಲು ಒಣಗಿದಾಗಲೆಲ್ಲ ಗಿಳಿಗಳು ಕೆಳಗಿಳಿದು, ನರಿಗೆ ಹಣ್ಣು ಕೊಟ್ಟು, ನೀರು ಕುಡಿದು ಬಂದವು.

ಮೊದಲ ದಿನದಿಂದಲೂ ಮರದ ಕೆಳಗೆ ನಿಂತು ಒಂದೇ ಮಾತು ಹೇಳುತ್ತಿದ್ದ ಎಮ್ಮೆಗೆ ಮೂರನೆಯ ದಿನ ತಡೆಯಲಾಗಲಿಲ್ಲ. "ಸ್ವಾಮಿ, ಎಷ್ಟು ಸಲ ಹೇಳಲಿ? ನೀವು ಕೊಕ್ಕಿನಿಂದ ಆ ಹಗ್ಗ ಕಡಿಯಿರಿ, ನಾನು ಕೊಂಬಿನಿಂದ ಮುಚ್ಚಳ ಎತ್ತಿ ಬಿಸಾಕುತ್ತೇನೆ. ಎಲ್ಲರೂ ಕುಡಿಯೋಣ!"

"ಒಳ್ಳೆಯ ಸಲಹೆ," ಎಂದಿತು ಅಧ್ಯಕ್ಷ ಗಿಳಿ. "ಆದರೆ ಹಗ್ಗ ಕಡಿಯುವ ಕೊಕ್ಕು ಎಲ್ಲರನ್ನೂ ಪ್ರತಿನಿಧಿಸುತ್ತದೆಯೇ? ಮುಂದಿನ ಸಂಕಿರಣಕ್ಕೆ ಅದೇ ವಿಷಯವಾಗಲಿ."

ಎಮ್ಮೆ ಮರಕ್ಕೆ ತಲೆ ಚಚ್ಚಿಕೊಂಡಿತು.

ಕೊನೆಗೆ ವಂದನಾರ್ಪಣೆ. ಗಿಳಿಯೊಂದು ಎದ್ದು, "ಮೂರು ದಿನವೂ ನಮಗೆ ನೀರು ಒದಗಿಸಿದ ನರಿರಾಯರಿಗೆ ಹೃತ್ಪೂರ್ವಕ ವಂದನೆಗಳು" ಎಂದಿತು.

ಹಣ್ಣಿನ ರಾಶಿಯ ಪಕ್ಕದಲ್ಲಿ ಕೂತಿದ್ದ ನರಿ ವಿನಯದಿಂದ ಕೈಮುಗಿಯಿತು.

"ಮುಂದಿನ ಸಲವೂ ಇಲ್ಲೇ ನಡೆಸಿ. ಇಂಥ ವಿಷಯಕ್ಕೆ ಮೂರು ದಿನ ಸಾಲದು, ಐದಾಗಲಿ."