ಬೆಂಕಿಗೆ ಹಿಡಿಯದ ಬೆಳ್ಳಿ ತಗಡು

ನಮ್ಮ ಮುತ್ತಜ್ಜಿಯರಿಗೆ ಹಾಲುಹಲ್ಲು ಬರುವ ಮೊದಲಿನ ಮಾತು. ಒಂದೂರಲ್ಲಿ ಮೋನಪ್ಪ ಅಂತ ಒಬ್ಬ ಪತ್ತಾರ ಇದ್ದನಂತೆ. ಬೆಳ್ಳಿ ತಗಡಿನಲ್ಲಿ ಉಬ್ಬು ಎಬ್ಬಿಸುವುದು ಅವನ ಕೆಲಸ. ಕಾಲುನೋವು ಬಂದವರಿಗೆ ತಗಡಿನ ಕಾಲು, ಕಣ್ಣುನೋವಿಗೆ ತಗಡಿನ ಕಣ್ಣು. ಒಯ್ದು ದ್ಯಾಮವ್ವನಿಗೆ ಹರಕೆ ಒಪ್ಪಿಸಿದರೆ ನೋವು ಇಳಿಯುತ್ತಿತ್ತಂತೆ.

ಅರಗಿನ ಹಲಗೆಯ ಮೇಲೆ ತಗಡು ಬೋರಲು ಹಾಕಿ, ಬೆನ್ನಿನ ಕಡೆಯಿಂದ ಮೊಂಡು ಉಳಿಯಲ್ಲಿ ತಟ್ಟುತ್ತಿದ್ದ. ನಡುನಡುವೆ ತಗಡನ್ನು ಬಿಡಿಸಿ ಬೆಂಕಿಗೆ ಹಿಡಿಯುತ್ತಿದ್ದ, ಮತ್ತೆ ತಟ್ಟುತ್ತಿದ್ದ. ಅವನು ಬಡಿದ ಕಾಲಿಗೆ ಗೆಜ್ಜೆ ಕಟ್ಟಿದರೆ ಕುಣಿಯುತ್ತಿತ್ತು ಅಂತಾರೆ. ಅವನು ಬಡಿದ ಕಣ್ಣು ಗುಡಿಯೊಳಗೆ ರೆಪ್ಪೆ ಬಡಿಯುತ್ತಿತ್ತು ಅಂತಾರೆ. ಅನ್ನುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಪತ್ತಾರರಲ್ಲಿ ಒಂದು ಕಟ್ಟು ಇತ್ತು. ತನ್ನ ಮನೆಯ ಹರಕೆ ತಗಡನ್ನು ಪತ್ತಾರ ತಾನೇ ಬಡಿಯಬಾರದು. ಬಡಿಯುವವರಿಗೆ ಬಾಯಿಮಾತಿನಲ್ಲೂ ಹೇಳಿಕೊಡಬಾರದು. ಕೊಟ್ಟರೆ ದೇವಿ ಮುಖ ತಿರುಗಿಸುತ್ತಾಳೆ.

ಮೋನಪ್ಪನಿಗೆ ಆರು ವರ್ಷದ ಮಗಳಿದ್ದಳು, ಚಂಪವ್ವ. ಒಂದು ಚಳಿಗಾಲ ಅವಳಿಗೆ ಎದೆ ಕಟ್ಟಿತು. ಬೇರು, ಕಷಾಯ, ಕಾಸಿದ ಎಣ್ಣೆ ಎಲ್ಲ ಆಯಿತು. ಉಸಿರು ಮಾತ್ರ ದಿನಕ್ಕಿಷ್ಟು ಸಣ್ಣದಾಗುತ್ತ ಹೋಯಿತು. ಸುತ್ತ ಏಳೂರಲ್ಲಿ ಬೇರೆ ಪತ್ತಾರ ಇರಲಿಲ್ಲ. ಎದೆಯ ತಗಡು ಬಡಿದು ಕೊಡಿ ಅಂತ ಹೆಂಡತಿ ಈರವ್ವ ಮೂರು ದಿನ ಬೇಡಿಕೊಂಡಳಂತೆ. ಮೂರು ದಿನವೂ ಅವನು ಕಟ್ಟಿನ ಮಾತೇ ಆಡಿದನಂತೆ.

“ಊರ ಮಂದಿಗೆಲ್ಲ ಬಡಿದು ಕೊಡ್ತೀರಿ. ಚಂಪಿ ಈ ಊರಾಕಿ ಅಲ್ಲೇನ್ರಿ?” ಅಂದಳಂತೆ ಈರವ್ವ.

ಅವನು ಮತ್ತೆ ಕಟ್ಟಿನ ಮಾತನ್ನೇ ತೆಗೆದ.

“ಹಂಗಾದ್ರ ಆ ಕಟ್ಟನ್ನ ತೊಟ್ಟಿಲಾಗ ಹಾಕಿ ತೂಗ್ರಿ,” ಅಂದವಳೇ ತಾನೇ ಉಳಿ ಹಿಡಿದಳು. ತಾಯಿಗೆ ಕಟ್ಟು ಇರಲಿಲ್ಲ. ಹೆಂಗಸು ಉಳಿ ಮುಟ್ಟುತ್ತಾಳೆ ಅಂತ ಯಾವ ಹಿರಿಯನೂ ಎಣಿಸಿರಲಿಲ್ಲವಲ್ಲ, ಅದಕ್ಕೆ.

ಇಷ್ಟು ವರ್ಷ ಒಲೆಯ ಮುಂದೆ ಕೂತು ನೋಡಿದ್ದಳು. ತಟ್ಟುವುದು ತಿಳಿದಿತ್ತು. ಗಂಡ ನಡುವೆ ತಗಡನ್ನು ಬೆಂಕಿಗೆ ಹಿಡಿಯುವುದು ಅಂಟಿದ ಅರಗನ್ನು ಸುಡಲಿಕ್ಕೆ ಅಂತ ಅಂದುಕೊಂಡಿದ್ದಳು. ಹೊತ್ತು ಉಳಿಯಲಿ ಅಂತ ಅರಗನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ಮತ್ತೆ ತಟ್ಟಿದಳು. ಬೆಳ್ಳಿ ಪೆಟ್ಟು ತಿಂದಷ್ಟೂ ಬಿರುಸಾಗುತ್ತದೆ, ಕಾಯಿಸಿದರೆ ಮಾತ್ರ ಮೆತ್ತಗಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ಮೋನಪ್ಪನಿಗೆ ಗೊತ್ತಿತ್ತು. ಮೊದಲು ಮೆತ್ತಗೆ ಕೇಳುತ್ತಿದ್ದ ಸದ್ದು ಬರಬರುತ್ತ ಕಿಣಿಕಿಣಿ ಅಂದದ್ದು ಅವನ ಕಿವಿಗೆ ಬಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಅವನು ಹೇಳಲಿಲ್ಲ. ಎಬ್ಬಿಸುತ್ತಿದ್ದ ಎದೆಯ ನಟ್ಟನಡುವೆ ತಗಡು ಸೀಳಿತು.

ಸೀಳಿದ್ದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಈರವ್ವ ಗುಡಿಗೆ ಓಡಿದಳಂತೆ. ತಿರುಗಿ ಬರುವಷ್ಟರಲ್ಲಿ ಚಂಪವ್ವ ಇರಲಿಲ್ಲ.

ತಗಡಿನಿಂದ ಜೀವ ಉಳಿಯುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಅವತ್ತು ಆ ತಾಯಿಯ ಕೈಯಲ್ಲಿ ಬೇರೇನೂ ಇರಲಿಲ್ಲ. ಈರವ್ವ ಆಮೇಲೆ ಬದುಕಿದ್ದಷ್ಟು ದಿನ ಗಂಡನಿಗೆ ಅನ್ನ ಬಡಿಸಿದಳಂತೆ, ಮಾತು ಬಡಿಸಲಿಲ್ಲವಂತೆ. ಮೋನಪ್ಪ ತನ್ನ ಉಳಿಗಳನ್ನು ಊರ ಹೆಂಗಸರಿಗೆ ಹಂಚಿ, ಬಡಿಯುವುದನ್ನು ಕಲಿಸಿದ. ಯಾವ ಮನೆಯಲ್ಲಿ ಉಳಿಯ ಸದ್ದು ಕೇಳಿದರೂ ಹೊಸ್ತಿಲ ಹೊರಗೆ ನಿಂತು ಕಾಯುತ್ತಿದ್ದ.

ಈಗಲೂ ಆ ಊರಲ್ಲಿ ಮಗುವಿನ ಹರಕೆ ತಗಡನ್ನು ತಾಯಿಯೇ ಬಡಿಯುತ್ತಾಳೆ. ಸದ್ದು ಬಿರುಸಾದಾಗ ಓಣಿಯಲ್ಲಿ ಹೋಗುವವರು ಯಾರೇ ಇರಲಿ, ಜಗಳವಾಡಿ ಮಾತು ಬಿಟ್ಟವರೇ ಇರಲಿ, ನಿಂತು “ಬೆಂಕಿಗೆ ಹಿಡಿಯವ್ವಾ” ಅಂತ ಕೂಗುತ್ತಾರೆ. ಒಳಗೆ ತಟ್ಟುವುದು ನಿಲ್ಲುವ ತನಕ ಮುಂದೆ ಹೆಜ್ಜೆ ಇಡುವುದಿಲ್ಲ.