ಎರಡು ಕೊಂಬುಗಳ ನಡುವಿನ ಜಾಗ

ಒಂದೇ ಎಮ್ಮೆಯ ಎಡಗೊಂಬು ಮತ್ತು ಬಲಗೊಂಬು ಮೌನೇಶಾಚಾರಿಯ ಕೈಸೇರಿದವು. ಮಡಚುವ ಕ್ಷೌರದ ಕತ್ತಿಯೊಂದಕ್ಕೆ ಹಿಡಿ ಮಾಡಬೇಕಿತ್ತು. ಆಚಾರಿ ಎರಡರಿಂದಲೂ ಒಂದೊಂದು ತೆಳ್ಳನೆಯ ಹೋಳು ಸೀಳಿ, ಕಾಯಿಸಿ ಚಪ್ಪಟೆ ಮಾಡಿ, ಎಣ್ಣೆ ಹಚ್ಚಿ ಉಜ್ಜಿದ. ಉಜ್ಜಿದಷ್ಟೂ ಅವುಗಳಿಗೆ ಮಂಪರು. ಮಂಪರಿನಲ್ಲಿ ಕೆರೆಯ ನೀರು, ಕತ್ತಿನವರೆಗೆ ಮುಳುಗಿದ ಎಮ್ಮೆ.

ಕತ್ತಿಯನ್ನು ಒಂದು ತುದಿಗೆ ಕೂರಿಸಿ, ಇನ್ನೊಂದು ತುದಿಯಲ್ಲಿ ಮೂಳೆಯ ಚೂರೊಂದನ್ನು ಹೋಳುಗಳ ನಡುವೆ ಇಡಲು ಹೋದಾಗ ಎಡಗೊಂಬಿಗೆ ಎಚ್ಚರವಾಯಿತು.

"ಆಚಾರ್ರೇ, ಜೀವಮಾನವೆಲ್ಲ ದೂರದಲ್ಲೇ ಇದ್ದೆವು. ಈಗಲಾದರೂ ಒಂದಾಗಿರಲು ಬಿಡಿ. ನಡುವೆ ಇವನ್ಯಾರು?"

"ಅವನಿಲ್ಲದಿದ್ದರೆ ಮಡಚಿದ ಕತ್ತಿ ಎಲ್ಲಿ ಮಲಗಬೇಕು?"

"ಹೇಗೋ ಹೊಂದಿಕೊಳ್ಳಲಿ," ಎಂದಿತು ಬಲಗೊಂಬು.

ಆಚಾರಿ ಒಪ್ಪಿದ. ಚೂರನ್ನು ಬದಿಗಿಟ್ಟು ಹಿತ್ತಾಳೆ ಮೊಳೆ ಬಡಿದ. ಕೊಂಬುಗಳು ಅಪ್ಪಿಕೊಂಡವು. ಆಮೇಲೆ ಕತ್ತಿಯನ್ನು ಮಡಚಿದ. ಕರ್ರೆಂದು ಸದ್ದಾಯಿತು.

"ನಿಮ್ಮ ಮೈಗೆ ಗೀರು ಬಿತ್ತು, ನನ್ನ ಅಲಗು ಮೊಂಡಾಯಿತು," ಎಂದಿತು ಕತ್ತಿ. "ಇನ್ನು ನನ್ನನ್ನು ಯಾರ ಗಲ್ಲ ಒಪ್ಪುತ್ತದೆ? ನಾನಿಲ್ಲದ ಹಿಡಿ ಯಾರಿಗೆ ಬೇಕು?"

ಕೊಂಬುಗಳು ತಮ್ಮ ಮೈಮೇಲಿನ ಗೀರನ್ನು ನೋಡಿಕೊಂಡವು.

"ಅವನನ್ನು ಕರೆಯಿರಿ," ಎಂದಿತು ಎಡಗೊಂಬು ಮೆಲ್ಲಗೆ.

ಆಚಾರಿ ಮೊಳೆ ಕಿತ್ತು, ಚೂರನ್ನು ನಡುವೆ ಕೂರಿಸಿ ಮತ್ತೆ ಬಡಿದ. ಅಲಗಿಗೆ ಸಾಣೆ ಹಿಡಿದು ಮಡಚಿದ. ಸದ್ದೇ ಇಲ್ಲ.

ಕೊಂಬುಗಳಿಗೆ ಮತ್ತೆ ಮಂಪರು ಹತ್ತಿತು. ಅದೇ ಕೆರೆ, ಅದೇ ಎಮ್ಮೆ. ಎಲ್ಲಿಂದಲೋ ಬೆಳ್ಳಕ್ಕಿಯೊಂದು ಹಾರಿಬಂದು, ಎರಡು ಕೊಂಬುಗಳ ನಡುವೆ ಇಳಿದು, ರೆಕ್ಕೆ ಮಡಚಿ ಕೂತಿತು.

"ಆಗಲೂ ನಮ್ಮ ನಡುವೆ ಜಾಗವಿತ್ತು," ಎಂದಿತು ಬಲಗೊಂಬು.

"ಅದಕ್ಕೇ ಇದು ಬರುತ್ತಿತ್ತು," ಎಂದಿತು ಎಡಗೊಂಬು.