ಬೀಗ ಹಾಕಿದ ಬಾಗಿಲಿಗೆ ಕೇಳಿದ ಕ್ಷಮೆ

"ಗುರುಗಳೇ, ಉಪವಾಸದಲ್ಲಿ ಹೆಚ್ಚು ಕಷ್ಟದ್ದು ಯಾವುದು? ಹಸಿವೋ, ಬಾಯಾರಿಕೆಯೋ?" ಎಂದು ಶಿಷ್ಯ ನಫ್ತಾಲಿ ಕೇಳಿದ.

ಯೆಹೂದಿಗಳು ಅನ್ನ ನೀರು ಬಿಟ್ಟು ಉಪವಾಸವಿರುವ ಪ್ರಾಯಶ್ಚಿತ್ತದ ದಿನ ಅಂದು ಸಂಜೆಗೆ ತೊಡಗುವುದಿತ್ತು. ಅಷ್ಟರೊಳಗೆ ತಾವು ನೋಯಿಸಿದವರ ಕ್ಷಮೆ ಕೇಳಬೇಕು. ಅವರು ಒಪ್ಪದಿದ್ದರೆ ಮೂರು ಸಲ ಕೇಳಬೇಕು. ನಫ್ತಾಲಿ ಎಲ್ಲರನ್ನೂ ಕೇಳಿ ಮುಗಿಸಿದ್ದ. ಜಗಳವಾಡಿದ್ದ ಅಣ್ಣನ ಮನೆಗೂ ಮೂರು ಸಲ ಹೋಗಿದ್ದನಂತೆ. ಪಾಪ, ಅಣ್ಣ ಒಮ್ಮೆಯೂ ಸಿಗಲಿಲ್ಲವಂತೆ.

ಗುರು ಎಲ್ಯಾಕಿಮರು ಗಡ್ಡ ನೀವಿಕೊಂಡು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಎಣ್ಣೆಗಾಣದವನಿದ್ದ. ಅವನ ನೆರೆಮನೆಯ ಬಡಗಿ ಪ್ರಾರ್ಥನಾ ಮಂದಿರದಲ್ಲಿ ಟಗರಿನ ಕೊಂಬು ಊದುವವನು. ಹೊಸ ವರ್ಷದ ದಿನ ಬಡಗಿ ಕೊಂಬು ಊದಿದಾಗ, ಹೊಟ್ಟೆನೋವು ಬಂದ ಎಮ್ಮೆ ಕೂಗಿದ ಹಾಗಿದೆ ಎಂದುಬಿಟ್ಟ ಗಾಣದವನು. ಎಲ್ಲರೂ ನಕ್ಕರು. ಬಡಗಿ ಕೊಂಬನ್ನು ಕೆಳಗಿಟ್ಟು ಹೋದವನು ಮತ್ತೆ ಮಂದಿರದ ಕಡೆ ತಲೆ ಹಾಕಲಿಲ್ಲ.

ಪ್ರಾಯಶ್ಚಿತ್ತದ ದಿನಕ್ಕೆ ಇನ್ನು ಹತ್ತೇ ದಿನ. ಗಾಣದವನಿಗೆ ತಪ್ಪು ಗೊತ್ತಿತ್ತು, ಆದರೆ ಮುಖ ತೋರಿಸುವುದು ಹೇಗೆ? ಬಡಗಿ ಮರ ತರಲು ಹೋಗುವ ಹೊತ್ತು ನೋಡಿಕೊಂಡು ಅವನ ಮನೆಗೆ ಹೋದ. ಬೀಗದ ಮುಂದೆ ಕೈಮುಗಿದು ಕ್ಷಮೆ ಕೇಳಿದ. ಹೀಗೆ ಮೂರು ಸಲ ಮಾಡಿ ನಿರಾಳನಾಗಿ ಉಪವಾಸಕ್ಕೆ ಕೂತ.

ಮರುದಿನ ಸಂಜೆಯಾಯಿತು. ಆ ಊರಲ್ಲಿ ಉಪವಾಸ ಮುಗಿಯಿತೆಂದು ಸಾರುವ ಕೊಂಬಿನ ದನಿ ಕೇಳದೆ ಯಾರೂ ತುತ್ತು ಮುಟ್ಟುತ್ತಿರಲಿಲ್ಲ. ಊದುವವನೇ ಇಲ್ಲ! ಅದೇನು ಮಹಾ ಎಂದು ಗಾಣದವನೇ ಕೊಂಬು ಎತ್ತಿಕೊಂಡ. ಕೆನ್ನೆ ಉಬ್ಬಿದ್ದೇ ಬಂತು, ಪುಸ್ ಎಂದು ಗಾಳಿ ಹೋಯಿತು. ಹಸಿದ ಊರೆಲ್ಲ ಅವನನ್ನೇ ದುರುಗುಟ್ಟಿ ನೋಡಿತು.

ಅವನು ಎದ್ದು ಬಿದ್ದು ಬಡಗಿಯ ಮನೆಗೆ ಓಡಿದ. ಈ ಸಲ ಬೀಗವಿರಲಿಲ್ಲ. ಬಾಗಿಲು ತೆರೆದ ಬಡಗಿ ಹಸಿವಿನಿಂದ ಬಾಡಿಹೋಗಿದ್ದ. ಮಂದಿರ ಬಿಟ್ಟಿದ್ದರೂ ಅವನು ಉಪವಾಸ ಬಿಟ್ಟಿರಲಿಲ್ಲ. ಗಾಣದವನಿಗೆ ನಾಚಿಕೆಯಾಯಿತು. ಹೇಗೋ ಕ್ಷಮೆ ಕೇಳಿದ.

"ಕ್ಷಮೆ ನಿನಗೆ ಬೇಕೋ, ನಿನ್ನ ಹೊಟ್ಟೆಗೆ ಬೇಕೋ?" ಎಂದ ಬಡಗಿ.

"ಓಡಿ ಬಂದದ್ದು ಹೊಟ್ಟೆಗಾಗಿ. ನಿನ್ನ ಮುಖ ನೋಡಿದ ಮೇಲೆ ನನಗೇ ಬೇಕಾಗಿದೆ, ಮಾರಾಯ."

ಬಡಗಿ ನಕ್ಕುಬಿಟ್ಟ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಮಂದಿರಕ್ಕೆ ಬಂದರು. ಕೊಂಬು ಮೊಳಗಿತು. ಅದು ಎಮ್ಮೆಯ ಹಾಗೆಯೇ ಕೇಳಿಸಿತು, ಅದಕ್ಕಿಂತ ಇಂಪಾದ ದನಿ ಯಾರಿಗೂ ಬೇಕಿರಲಿಲ್ಲ.

ನಫ್ತಾಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕತೆಯೇನೋ ಚೆನ್ನಾಗಿದೆ, ಹಸಿವೋ ಬಾಯಾರಿಕೆಯೋ ಎಂದು ಹೇಳಲೇ ಇಲ್ಲವಲ್ಲ ಎಂದ. ಅದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು:

"ನಿಮ್ಮಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ, ಈಗ ಹೊರಟರೆ ಸಿಗುತ್ತಾನೆ."